ಅಪ್ಪನ ಕಿವಿಗೆ ಸಮಯ ಕೊಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಹಿರಿಯರನ್ನು ಕಾಕ್ಲಿಯರ್ ಇಂಪ್ಲಾಂಟ್‌ಗೆ ಕರೆದೊಯ್ಯುವ ಮಕ್ಕಳೇ, ಆಪರೇಷನ್ ಆದ ದಿನವೇ ಅವರಿಗೆ ಕೇಳಿಸುವುದಿಲ್ಲ. ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ 2ರಿಂದ 4 ವಾರಕ್ಕೆ, ಯಂತ್ರ ಚಾಲೂ ಮಾಡುತ್ತಾರೆ. ಮೊದಮೊದಲು ನಿಮ್ಮ ದನಿ ಕೀರಲಾಗಿ ಕೇಳೀತು, ಗಾಬರಿ ಬೇಡ. ಮಿದುಳು ಹೊಸ ಸದ್ದಿಗೆ ಒಗ್ಗಲು ತಿಂಗಳುಗಳೇ ಬೇಕು. ಯಂತ್ರದ ಸದ್ದಿನ ಮಟ್ಟ ಹೊಂದಿಸುವ ಮ್ಯಾಪಿಂಗ್‌ಗೆ ಕರೆದ ದಿನ ಸುಗ್ಗಿ ಇದ್ದರೂ ತಪ್ಪಿಸಬೇಡಿ. ಮನೆಯಲ್ಲಿ ಟಿವಿ ಆರಿಸಿ, ಎದುರು ಕುಳಿತು ದಿನಾ ಪೇಪರ್ ಓದಿ ಹೇಳಿ. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಭಂಡಾರದ ಪುಡಿ ಹೊರಗೆ ಧರಿಸುವ ಪ್ರೊಸೆಸರಿನ ಮೈಕಿಗೆ ಹೋಗದಂತೆ ನೋಡಿಕೊಳ್ಳಿ.

ಆಸ್ಪತ್ರೆಯ ಆಡಿಯಾಲಜಿ ವಿಭಾಗ ನಡೆಸುವವರಿಗೂ ಒಂದು ಮಾತು: ರಾಮದುರ್ಗದಿಂದ ಬಸ್ಸಿನಲ್ಲಿ ಬರುವವರಿಗೆ ಬೆಳಗಿನ ಮೊದಲ ಸರದಿ ಕೊಡಬೇಡಿ, ದಣಿದವರಿಂದ ಸರಿಯಾದ ಉತ್ತರ ಬರುವುದಿಲ್ಲ. ಬಾಗಿಲಲ್ಲಿ ನಿಂತು ಹೆಸರು ಕೂಗದೆ, ಹತ್ತಿರ ಹೋಗಿ ಕರೆಯಿರಿ.