ಗೇಟಿನ ಎರಡು ಕಣ್ಣುಗಳು

ರಿಮೋಟ್ ಒತ್ತಿದರೆ ಗೇಟು ತೆರೆಯುತ್ತದೆ. ಮುಚ್ಚಲು ಒತ್ತಿದರೆ ಮಾತ್ರ ಅಲುಗುವುದಿಲ್ಲ. ಅಥವಾ ಒಂದು ಗೇಣು ಸರಿದು ಹಿಂದಕ್ಕೇ ಹೋಗುತ್ತದೆ. ಮಣಿಪಾಲದ ಮನೆಗಳ ಕಾರ್ ಷೆಡ್ಡಿನ ಶಟರ್ ಇರಲಿ, ಕಾರ್ಕಳದ ತೋಟದ ಮನೆಯ ಜಾರುವ ಗೇಟು ಇರಲಿ, ಮಳೆಗಾಲ ಬಂತೆಂದರೆ ಈ ದೂರು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ‘ಮೋಟಾರು ಹೋಯಿತು’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಸ್ವಲ್ಪ ನಿಂತು ಯೋಚಿಸಿ: ತೆರೆಯುವ ಶಕ್ತಿ ಇರುವ ಮೋಟಾರಿಗೆ ಮುಚ್ಚುವ ಶಕ್ತಿಯೂ ಇರಬೇಕಲ್ಲವೇ? ಅದಕ್ಕೆ ಇಲ್ಲದಿರುವುದು ಅಪ್ಪಣೆ. ಆ ಅಪ್ಪಣೆ ಕೊಡುವುದು ಎರಡೂ ಬದಿಯ ಕಂಬಗಳಲ್ಲಿ, ಮೊಣಕಾಲಿನ ಎತ್ತರದಲ್ಲೋ ಅದಕ್ಕಿಂತ ಕೆಳಗೋ ಎದುರುಬದುರಾಗಿ ಕೂತಿರುವ ಎರಡು ಪುಟ್ಟ ಡಬ್ಬಿಗಳು. ಅವುಗಳನ್ನು ನಿಮಗೆ ಪರಿಚಯಿಸುವುದು ನನಗೆ ತುಂಬ ಇಷ್ಟದ ಕೆಲಸ. ವಿದ್ಯುತ್ತಿನ ಬಗ್ಗೆ ನಿಮಗೆ ಏನೂ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ.

ಎರಡರಲ್ಲಿ ಒಂದು ಬೆಳಕು ಕಳಿಸುತ್ತದೆ, ಅದು ಪ್ರೇಷಕ. ಇನ್ನೊಂದು ಅದನ್ನು ಪಡೆಯುತ್ತದೆ, ಅದು ಗ್ರಾಹಕ. ಜೋಡಿಸುವ ಕೆಲಸದವರು ಇವನ್ನು ‘ಟಿಎಕ್ಸ್’, ‘ಆರ್‌ಎಕ್ಸ್’ ಎನ್ನುತ್ತಾರೆ. ಎರಡಕ್ಕೂ ಸೇರಿ ‘ಫೋಟೊಸೆಲ್’ ಅಥವಾ ಬರೀ ‘ಸೆನ್ಸರ್’. ನಡುವೆ ಹರಿಯುವ ಬೆಳಕು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಅದು ಅವಕೆಂಪು ಬೆಳಕು, ಅಂದರೆ ಕಾಮನಬಿಲ್ಲಿನ ಕೆಂಪು ಅಂಚಿನ ಆಚೆಗಿರುವ ಬೆಳಕು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಹರಡಿ, ಕೆಂಪಿನ ಪಕ್ಕದ ಬಣ್ಣವಿಲ್ಲದ ಜಾಗದಲ್ಲಿ ಉಷ್ಣಮಾಪಕ ಇಟ್ಟರು. ಉಷ್ಣತೆ ಏರಿತು, ಅಂದರೆ ಕಣ್ಣಿಗೆ ಕಾಣದ ಬೆಳಕು ಅಲ್ಲಿತ್ತು. ಇದೇ ಬೆಳಕು ಇಂದು ನಿಮ್ಮ ಟಿವಿ ರಿಮೋಟಿನಲ್ಲೂ ಇದೆ. ಮೊಬೈಲಿನ ಕ್ಯಾಮೆರಾದಿಂದ ರಿಮೋಟಿನ ತುದಿಯನ್ನು ನೋಡುತ್ತ ಗುಂಡಿ ಒತ್ತಿ. ಹಲವು ಫೋನುಗಳಲ್ಲಿ ನೇರಳೆ ಮಿನುಗು ಕಾಣುತ್ತದೆ. ಸಂಜೆಗತ್ತಲಲ್ಲಿ ಗೇಟಿನ ಪ್ರೇಷಕವನ್ನೂ ಹೀಗೆಯೇ ನೋಡಬಹುದು. ಮಿನುಗು ಕಂಡರೆ ಆ ಕಣ್ಣಿಗೆ ಜೀವವಿದೆ ಎಂದು ತಿಳಿಯಿರಿ.

ಇನ್ನು ಮುಖ್ಯ ಪಾಠ. ಇದೊಂದು ಮನಸ್ಸಿನಲ್ಲಿ ನಿಂತರೆ ಉಳಿದದ್ದು ಸುಲಭ. ಗ್ರಾಹಕಕ್ಕೆ ಮಗುವೂ ಗೊತ್ತಿಲ್ಲ, ದನವೂ ಗೊತ್ತಿಲ್ಲ, ಕಾರೂ ಗೊತ್ತಿಲ್ಲ. ‘ಬೆಳಕು ಬರುತ್ತಿದೆ’, ‘ಬರುತ್ತಿಲ್ಲ’ ಎಂಬ ಎರಡೇ ಸಂಗತಿ ಅದಕ್ಕೆ ಗೊತ್ತು. ಬೆಳಕು ಬರದಿದ್ದರೆ, ಯಾರೋ ಅಡ್ಡ ನಿಂತಿದ್ದಾರೆ ಎಂದೇ ಗೇಟು ಭಾವಿಸುತ್ತದೆ. ಕಣ್ಣು ವಾಲಿದರೂ, ಗಾಜಿನ ಮೇಲೆ ಕೆಸರು ಕೂತರೂ, ತಂತಿ ತುಂಡಾದರೂ ಅದರ ಉತ್ತರ ಒಂದೇ: ಮುಚ್ಚುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಅಮೆರಿಕದಲ್ಲಿ ಮೋಟಾರಿನ ಗ್ಯಾರೇಜ್ ಬಾಗಿಲಿನ ಅಡಿ ಸಿಲುಕಿ ಮಕ್ಕಳು ಪ್ರಾಣ ಕಳೆದುಕೊಂಡರು. ಆ ಬಳಿಕವೇ, 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಬಾಗಿಲಿನ ಮೋಟಾರುಗಳಿಗೆ ಇಂಥ ಹೆಚ್ಚುವರಿ ಕಾವಲನ್ನು ಅಲ್ಲಿ ಕಡ್ಡಾಯ ಮಾಡಿದರು. ಬಾಗಿಲು ಮೇಲಿನಿಂದ ಇಳಿಯುವಲ್ಲಿ ಕಣ್ಣುಗಳನ್ನು ನೆಲದಿಂದ 15 ಸೆಂಟಿಮೀಟರಿನೊಳಗೆ ಇಡುವುದು ಮಲಗಿರುವ ಮಗುವೂ ಕಾಣಲಿ ಎಂದು.

ಕಣ್ಣು ವಾಲುವುದೆಂದರೆ ಎಷ್ಟು? ಗೇಟಿನ ಅಗಲ 4 ಮೀಟರ್ ಎಂದುಕೊಳ್ಳಿ. ಪ್ರೇಷಕ ಒಂದೇ ಒಂದು ಡಿಗ್ರಿ ತಿರುಗಿದರೆ, ಎದುರಿನ ಕಂಬದಲ್ಲಿ ಬೆಳಕಿನ ನಡುಭಾಗ ಸುಮಾರು 7 ಸೆಂಟಿಮೀಟರ್ ಸರಿದಿರುತ್ತದೆ. ಹಿಂದಕ್ಕೆ ಬಂದ ಟೆಂಪೋ ಮೆಲ್ಲಗೆ ತಾಗಿದರೂ ಸಾಕು, ಅಷ್ಟು ತಿರುಗೀತು. ನಮ್ಮ ಕಡೆ ಇನ್ನೊಂದು ಕಾರಣವಿದೆ. ಮುರಕಲ್ಲಿನ ಕಂಬದಲ್ಲಿ ತೂತುಗಳು ಬಹಳ. ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಗಟ್ಟದ ಸುತ್ತ ಕಲ್ಲು ಪುಡಿಯಾಗಿ, ಡಬ್ಬಿ ಸಡಿಲಾಗುತ್ತದೆ. ಮಳೆಹನಿ ನೆಲಕ್ಕೆ ಬಡಿದು ಕೆಮ್ಮಣ್ಣು ಗಾಜಿಗೆ ಎರಚುತ್ತದೆ. ಜೇಡ ಬಲೆ ನೇಯುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ದಾಸವಾಳದ ಹೊಸ ಟೊಂಗೆ ಒಂದೇ ತಿಂಗಳಲ್ಲಿ ಬೆಳಕಿನ ದಾರಿಗೆ ಬಾಗುತ್ತದೆ. ಕಾಪುವಿನಂಥ ಕಡಲತಡಿಯಲ್ಲಿ ಉಪ್ಪುಗಾಳಿ ತಂತಿಯ ತುದಿಗೆ ಕಿಲುಬು ಹಿಡಿಸುತ್ತದೆ.

ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಒದ್ದೆ ಹತ್ತಿಬಟ್ಟೆ ಎತ್ತಿಕೊಳ್ಳಿ. ಎರಡೂ ಗಾಜುಗಳನ್ನು ಮೆಲ್ಲಗೆ ಒರೆಸಿ, ಟೊಂಗೆ ಕತ್ತರಿಸಿ, ಮತ್ತೆ ರಿಮೋಟ್ ಒತ್ತಿ ನೋಡಿ. ನಾನು ನೋಡಿದ ಎಷ್ಟೋ ಗೇಟುಗಳು ಇಷ್ಟಕ್ಕೇ ಸರಿಹೋಗಿವೆ.

ಸರಿಹೋಗದಿದ್ದರೆ, ಮಳೆ ಇಲ್ಲದ ಹೊತ್ತು ನೋಡಿ, ಗ್ರಾಹಕದ ಬಳಿ ಕುಳಿತುಕೊಳ್ಳಿ. ಗೇಟು ಪೂರ್ತಿ ತೆರೆದಿರಲಿ. ರಿಮೋಟನ್ನು ಜೇಬಿನಲ್ಲಿಟ್ಟುಕೊಳ್ಳಿ, ಬೇರೆಯವರ ಕೈಗೆ ಕೊಡಬೇಡಿ. ಮೋಟಾರಿನ ಪೆಟ್ಟಿಗೆಯನ್ನು ಮುಟ್ಟುವ ಅಗತ್ಯವಿಲ್ಲ. ಅದರೊಳಗೆ 230 ವೋಲ್ಟ್ ಇರುತ್ತದೆ. ಸಾಮಾನ್ಯವಾಗಿ ಗ್ರಾಹಕದಲ್ಲಿ ಒಂದು ಸಣ್ಣ ದೀಪವಿರುತ್ತದೆ. ಕೆಲವು ತಯಾರಿಕೆಗಳಲ್ಲಿ ಬೆಳಕು ಸಿಕ್ಕಾಗ ಅದು ಹತ್ತುತ್ತದೆ, ಕೆಲವುಗಳಲ್ಲಿ ಆರುತ್ತದೆ. ನಿಮ್ಮದು ಯಾವ ಬಗೆ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹತ್ತುವ ಬಗೆ ಎಂದೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಎರಡು ಡಬ್ಬಿಗಳ ಎತ್ತರ ಸರಿಯಿದೆಯೇ ನೋಡಿ. ಇಳಿಜಾರಿನ ಅಂಗಳದಲ್ಲಿ ನೆಲದಿಂದ ಅಳೆದರೆ ಮೋಸ ಹೋಗುತ್ತೀರಿ. ಮೇಸ್ತ್ರಿಗಳು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡುತ್ತಾರಲ್ಲ, ಅದನ್ನೇ ಮಾಡಿ. ಎರಡು ತುದಿಯ ನೀರೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಬಳಿಕ ಪ್ರೇಷಕದ ಸ್ಕ್ರೂವನ್ನು ತುಸು ಸಡಿಲಿಸಿ, ಡಬ್ಬಿ ಎದುರಿನದನ್ನು ನೇರ ನೋಡುವಂತೆ ತಿರುಗಿಸಿ. ದೀಪ ಹತ್ತಿತೇ? ಅಲ್ಲಿಗೇ ಬಿಗಿಯಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹತ್ತಿದ ಜಾಗ ಬೆಳಕಿನ ಅಂಚಾಗಿರಬಹುದು. ಗಾಳಿ ಬೀಸಿದರೆ ಮತ್ತೆ ತಪ್ಪುತ್ತದೆ. ದೀಪ ಆರುವವರೆಗೆ ಎಡಕ್ಕೆ ತಿರುಗಿಸಿ, ಪೆನ್ಸಿಲಿನಲ್ಲಿ ಗೆರೆ ಹಾಕಿ. ಆರುವವರೆಗೆ ಬಲಕ್ಕೆ ತಿರುಗಿಸಿ, ಇನ್ನೊಂದು ಗೆರೆ ಹಾಕಿ. ಎರಡೂ ಗೆರೆಗಳ ನಟ್ಟನಡುವೆ ಡಬ್ಬಿಯನ್ನು ನಿಲ್ಲಿಸಿ. ಮೇಲೆ ಕೆಳಗೆ ವಾಲಿಸಲು ಬರುವ ಡಬ್ಬಿಯಾದರೆ ಆ ದಿಕ್ಕಿನಲ್ಲೂ ಹೀಗೆಯೇ ಮಾಡಿ. ನಂತರ ಸ್ಕ್ರೂಗಳನ್ನು ಒಂದಾದ ಮೇಲೊಂದು ಸರದಿಯಂತೆ, ಸ್ವಲ್ಪ ಸ್ವಲ್ಪವೇ, ದೀಪದ ಮೇಲೆ ಕಣ್ಣಿಟ್ಟು ಬಿಗಿಯಿರಿ.

ಸಂಜೆ ಮಾತ್ರ ಕಾಡುವ ತೊಂದರೆಯೂ ಉಂಟು. ಕಾಪುವಿನಲ್ಲಿ ಹೆದ್ದಾರಿಯಿಂದ ಕಡಲಿಗೆ ಹೋಗುವ ಓಣಿಗಳು ಪಡುವಣಕ್ಕೆ ಸಾಗುತ್ತವೆ. ಓಣಿಯ ಬದಿಯ ಮನೆಗಳ ಗೇಟು ತೆಂಕಕ್ಕೋ ಬಡಗಕ್ಕೋ ಮುಖ ಮಾಡಿರುತ್ತದೆ, ಆದ್ದರಿಂದ ಎರಡು ಕಣ್ಣುಗಳಲ್ಲಿ ಒಂದು ಮುಳುಗುವ ಸೂರ್ಯನನ್ನೇ ದಿಟ್ಟಿಸುತ್ತಿರುತ್ತದೆ. ಅದು ಗ್ರಾಹಕವಾಗಿದ್ದರೆ, ಬಿಸಿಲಿನಲ್ಲಿರುವ ಹೇರಳ ಅವಕೆಂಪು ಬೆಳಕು ಅದನ್ನು ಕಂಗೆಡಿಸಬಲ್ಲದು. ಎಷ್ಟು ತಿರುಗಿಸಿದರೂ ಇದು ಸರಿಯಾಗದು. ಡಬ್ಬಿಯ ಮೇಲೆ ಚಿಕ್ಕ ಮರೆ ಕಟ್ಟಿ ನೋಡಿ. ಸಾಲದಿದ್ದರೆ ಎಲೆಕ್ಟ್ರಿಷಿಯನ್ ಕರೆದು ಪ್ರೇಷಕ, ಗ್ರಾಹಕಗಳ ಜಾಗ ಅದಲುಬದಲು ಮಾಡಿಸಿ.

ಎಲೆಕ್ಟ್ರಿಷಿಯನ್ ಬಂದಾಗ ‘ಎರಡು ವಯರು ಜಾಯಿಂಟ್ ಮಾಡಿದರೆ ಸೆನ್ಸರೇ ಬೇಡ’ ಎಂದು ಹೇಳಿದರೆ, ದಯವಿಟ್ಟು ಒಪ್ಪಬೇಡಿ. ಗೇಟು ಅಂದೇ ಮುಚ್ಚುತ್ತದೆ, ನಿಜ. ಆದರೆ ಚೆಂಡಿನ ಹಿಂದೆ ಓಡಿಬರುವ ಮಗುವಿಗೂ ಅದು ನಿಲ್ಲುವುದಿಲ್ಲ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಗೇಟು ಮುಚ್ಚುತ್ತಿರುವಾಗ, ನೀವು ಅದರ ದಾರಿಯಿಂದ ದೂರ ನಿಂತು, ಉದ್ದನೆಯ ಹಿಡಿಸೂಡಿಯನ್ನು ಬೆಳಕಿನ ದಾರಿಗೆ ಒಡ್ಡಿ. ಗೇಟು ನಿಲ್ಲಬೇಕು, ಇಲ್ಲವೇ ಹಿಂದಕ್ಕೆ ತೆರೆಯಬೇಕು. ಮೂರು ಸಲ ಮಾಡಿ. ಮುಂದಿನ ಜೋರು ಮಳೆ ಬಿಟ್ಟ ಮರುದಿನ ಬೆಳಿಗ್ಗೆ ಬಟ್ಟೆ ಹಿಡಿದು ಇನ್ನೊಮ್ಮೆ ಬನ್ನಿ, ಪೆನ್ಸಿಲ್ ಗೆರೆಗಳ ನಡುವೆ ಡಬ್ಬಿ ಹಾಗೆಯೇ ಇದೆಯೇ ನೋಡಿ.