ಭೂಮಿಗೆ ಬರೆಯೋ ಚಿತ್ತಾರ



ನಮ್ಮ ತುಮಕೂರು ಕಡೆ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಚಿತ್ರ ಅಂದರೆ ಅಂದಕ್ಕೆ ಅಂತ ನಾನು ತಿಳಿದುಕೊಂಡಿದ್ದೆ. ಹೊಲಗದ್ದೆಗೆ ಅಂತಲೇ ಬರೆಯೋ ಚಿತ್ರವೂ ಇದೆ. ಅದು ಮಲೆನಾಡಿನಲ್ಲಿದೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರು ಎಂಬ ರೈತ ಜನ ಇದ್ದಾರೆ. ಅವರ ಹೆಂಗಸರು ಬರೆಯುವ ಚಿತ್ರಕ್ಕೆ ಚಿತ್ತಾರ ಎನ್ನುತ್ತಾರೆ. ಇದರ ಬಣ್ಣಗಳು ಸುತ್ತಮುತ್ತಲೇ ಸಿಗುತ್ತವೆ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು.

ದಸರಾ ಆದ ಮೇಲೆ ಭೂಮಿ ಹುಣ್ಣಿಮೆ ಬರುತ್ತದೆ. ಆಗ ಗದ್ದೆಯಲ್ಲಿ ಭತ್ತ ತೆನೆಯಾಗುವ ಸಮಯ. ಅದಕ್ಕೆ ಭೂಮಿತಾಯಿಯನ್ನು ಬಸುರಿ ಎಂದು ತಿಳಿದು ಬಯಕೆ ಊಟ ಹಾಕುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನಿಂದ ಭತ್ತದ ಸಸಿ ಮುಂತಾದ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲಾ ಅಡುಗೆ ಮಾಡಿ, ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಹೋಗಿ ಗದ್ದೆಗೆ ಎಡೆ ಇಡುತ್ತಾರೆ.

ಆದರೆ ಆ ಗದ್ದೆ ಯಾರದು ಗೊತ್ತೇ? ಉಳುವವರು ದೀವರಾದರೂ ಕಾಗದದಲ್ಲಿ ಬಹಳಷ್ಟು ಭೂಮಿ ಒಡೆಯರ ಹೆಸರಿನಲ್ಲಿತ್ತು. ಇವರು ಗೇಣಿ ಅಳೆಯಬೇಕಿತ್ತು. ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು ಎಂದು 1951ರಲ್ಲಿ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅವರೂ ಬಂದಿದ್ದರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ನಾಡಿಗೆ ಕರೆಂಟು ಬಂತು, ಆದರೆ ಎಷ್ಟೋ ದೀವರ ಮನೆ, ಗದ್ದೆ ಮುಳುಗಿದವು. 1974ರ ಭೂಸುಧಾರಣೆ ಕಾನೂನಿನಿಂದ ಗೇಣಿದಾರರಿಗೆ ಹಕ್ಕು ಸಿಕ್ಕಿತು. ಮುಳುಗಿದ ಗದ್ದೆ ಮಾತ್ರ ನೀರಿನೊಳಗೇ ಉಳಿಯಿತು.

ಈಗ ಆಸ್ಟ್ರೇಲಿಯಾ ಖಂಡದ ಒಂದು ಸಂಗತಿ ಕೇಳಿ. ಅಲ್ಲಿಯ ಮರಳುಗಾಡಿನ ಮೂಲನಿವಾಸಿಗಳೂ ತಮ್ಮ ನೆಲವನ್ನು ಚಿತ್ರವಾಗಿ ಬರೆಯುತ್ತಾರೆ. ಅವರ ಚಿತ್ರದಲ್ಲಿ ಒಂದರೊಳಗೊಂದು ಸುತ್ತು ಇದ್ದರೆ ಅನೇಕ ಸಲ ಅದು ನೀರಿನ ಗುಂಡಿ. ಮರಳುಗಾಡಲ್ಲಿ ನೀರಿನ ಜಾಗ ಗೊತ್ತಿಲ್ಲದಿದ್ದರೆ ಬದುಕೋದೇ ಕಷ್ಟ ಅಲ್ವಾ? ಆದರೆ ಭೂಮಿ ನಮ್ಮದು ಅನ್ನೋದಕ್ಕೆ ಅವರ ಹತ್ತಿರ ಪತ್ರ ಇರಲಿಲ್ಲ. 1997ರಲ್ಲಿ ನಲವತ್ತಕ್ಕೂ ಹೆಚ್ಚು ಜನ ಸೇರಿ ಸುಮಾರು 10 ಮೀಟರ್ ಉದ್ದ, 8 ಮೀಟರ್ ಅಗಲದ ಬಟ್ಟೆಯ ಮೇಲೆ ತಮ್ಮ ನೀರಿನ ತಾಣಗಳನ್ನೆಲ್ಲ ಬರೆದರು. ಅದರ ಹೆಸರು ಙುರ್ರಾರ. ವಿಚಾರಣೆಗೆ ಬಂದವರ ಮುಂದೆ ಅದನ್ನು ನೆಲಕ್ಕೆ ಹಾಸಿ, ತಮ್ಮ ತಮ್ಮ ಜಾಗದ ಮೇಲೆ ನಿಂತು ಅದರ ಕಥೆ ಹೇಳಿದರು. 2007ರಲ್ಲಿ ಅವರ ಹಕ್ಕನ್ನು ಒಪ್ಪಲಾಯಿತು. ಚಿತ್ರವೇ ಸಾಕ್ಷಿ ಹೇಳಿತು!

ಭೂಮಣ್ಣಿ ಬುಟ್ಟಿಯೂ ಅಂಥದ್ದೇ ಸಾಕ್ಷಿ ಎಂದು ನನಗನ್ನಿಸುತ್ತದೆ. ಆ ಗದ್ದೆಯನ್ನು ತಾಯಿಯಂತೆ ನೋಡಿಕೊಂಡವರು ಯಾರು ಎಂದು ಅದು ಹೇಳುತ್ತದೆ.

ಸ್ನೇಹಿತರೇ, ನಮ್ಮ ಊರುಗಳಲ್ಲೂ ಕೆರೆ, ಕಟ್ಟೆ, ಬಾವಿ ಮುಚ್ಚಿಹೋಗುತ್ತಿವೆ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ಎಲ್ಲೆಲ್ಲಿ ನೀರಿತ್ತು ಅಂತ ಒಂದು ಚಿತ್ರ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

– ಏಳನೇ ತರಗತಿ