ಕೈ ಸೆಳೆತಕ್ಕೆ ಕತ್ತು ಕಾರಣವೇ?

ಪ್ರಶ್ನೆ: ನನಗೆ 46 ವರ್ಷ, ಟೈಲರಿಂಗ್ ಕೆಲಸ. ಒಂದು ತಿಂಗಳಿಂದ ಬಲ ಹೆಗಲ ಹಿಂದೆ ಸೆಳೆತ ಶುರುವಾಗಿ, ತೋಳಿನ ಹಿಂಭಾಗದಲ್ಲಿ ಇಳಿದು ನಡುಬೆರಳಿನವರೆಗೂ ಕರೆಂಟು ಹೊಡೆದ ಹಾಗಾಗುತ್ತದೆ. ಹಗಲು ಹೇಗೋ ತಡೆದುಕೊಳ್ಳುತ್ತೇನೆ, ರಾತ್ರಿ ನಿದ್ದೆಯೇ ಇಲ್ಲ. ಮೊದಲಿನಿಂದಲೂ ಬೋರಲು ಮಲಗುವ ಅಭ್ಯಾಸ. ಕೈಯೆತ್ತಿ ತಲೆಯ ಮೇಲಿಟ್ಟುಕೊಂಡರೆ ಮಾತ್ರ ಸ್ವಲ್ಪ ಹಾಯೆನಿಸುತ್ತದೆ. ಮನೆಯಲ್ಲಿ ವಾಯು ಅನ್ನುತ್ತಾರೆ. ತೋಳಿಗೆ ಎಣ್ಣೆ ತಿಕ್ಕಿಸಿ ಸಾಕಾಯಿತು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದೇನೆ.
– ಓದುಗರು, ರಾಣೆಬೆನ್ನೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತು ನನಗೆ ಬಹಳ ಮುಖ್ಯವಾಗಿ ಕಂಡವು. ಒಂದು ನಡುಬೆರಳು, ಇನ್ನೊಂದು ತಲೆಯ ಮೇಲಿಟ್ಟ ಕೈ.

ಕತ್ತಿನಲ್ಲಿ 7 ಮೂಳೆಗಳಿವೆ, ಅವುಗಳ ನಡುವಿನಿಂದ 8 ಜೊತೆ ನರಗಳು ಹೊರಡುತ್ತವೆ. ಕೈಯಲ್ಲಿ ಒಂದೊಂದು ನರಕ್ಕೂ ಅದರದೇ ಸೀಮೆ. ಹೆಬ್ಬೆರಳಿನ ಕಡೆಗೆ ಆರನೆಯದು, ನಡುಬೆರಳಿಗೆ ಏಳನೆಯದು, ಕಿರುಬೆರಳಿಗೆ ಎಂಟನೆಯದು. ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದರೆ, ಅಥವಾ ಸವೆದ ಮೂಳೆಯ ಅಂಚಿನಲ್ಲಿ ಮುಳ್ಳಿನಂತೆ ಬೆಳೆದರೆ, ನರ ಅದರ ಬುಡದಲ್ಲೇ ಒತ್ತಿಹೋಗುತ್ತದೆ. ಒತ್ತಡ ಕತ್ತಿನಲ್ಲಿ, ಉರಿ ಬೆರಳಲ್ಲಿ. ಇಂಥ ತೊಂದರೆ ಹೆಚ್ಚಾಗಿ ಕಾಣುವುದು ಏಳನೆಯ ನರದಲ್ಲೇ. ಕೈಯನ್ನು ತಲೆಯ ಮೇಲಿಟ್ಟಾಗ ನರದ ಎಳೆತ ಸಡಿಲವಾಗುತ್ತದೆ. ನಾವು ವೈದ್ಯರೂ ರೋಗಿಗೆ ಹಾಗೆ ಮಾಡಿಸಿ ನೋಡುತ್ತೇವೆ. ಆದ್ದರಿಂದ ನಿಮ್ಮ ನೋವಿನ ಮೂಲ ಕತ್ತೇ ಇರಬೇಕು ಎಂದು ನನಗನ್ನಿಸುತ್ತದೆ. ಕೈ ಮುಟ್ಟಿ ಪರೀಕ್ಷಿಸಿದ ವೈದ್ಯರೇ ಅದನ್ನು ಖಚಿತವಾಗಿ ಹೇಳಬಲ್ಲರು.

ಇನ್ನು ಮಲಗುವ ವಿಷಯ. ಬೋರಲು ಮಲಗಿದ್ದರಿಂದಲೇ ಡಿಸ್ಕ್ ಉಬ್ಬಿತು ಎಂದು ನಾನು ಹೇಳುವುದಿಲ್ಲ. ಆದರೆ ಉಸಿರಾಡಲು ಮುಖವನ್ನು ಒಂದು ಕಡೆಗೆ ತಿರುಗಿಸಲೇಬೇಕಲ್ಲ? ಕತ್ತು ಹಿಂದಕ್ಕೆ ಬಾಗಿ, ಪಕ್ಕಕ್ಕೆ ತಿರುಚಿ, ಗಂಟೆಗಟ್ಟಲೆ ಹಾಗೇ ಇರುತ್ತದೆ. ನರ ಹೊರಬರುವ ಕಿಂಡಿ ಆ ಭಂಗಿಯಲ್ಲೇ ಕಿರಿದಾಗುವುದು. ಮೊದಲೇ ಊದಿಕೊಂಡ ನರಕ್ಕೆ ಇದು ದೊಡ್ಡ ಹಿಂಸೆ. ಬೋರಲು ಮಲಗುವುದನ್ನು ಇಂದು ರಾತ್ರಿಯಿಂದಲೇ ಬಿಡಿ.

ನೋವಿಲ್ಲದ ಎಡ ಮಗ್ಗುಲಿಗೆ ಮಲಗಿ. ದಿಂಬು ಎಷ್ಟು ಎತ್ತರ ಬೇಕೆಂದು ತಿಳಿಯಲು ಗೋಡೆಗೆ ಎಡ ಭುಜ ತಾಗಿಸಿ ನೆಟ್ಟಗೆ ನಿಂತು, ತಲೆಗೂ ಗೋಡೆಗೂ ನಡುವಿನ ಅಂತರ ನೋಡಿ. ತಲೆಯಿಟ್ಟು ಅದುಮಿದ ಮೇಲೂ ದಿಂಬು ಹೆಚ್ಚುಕಡಿಮೆ ಅಷ್ಟು ಎತ್ತರ ಉಳಿಯಬೇಕು. ಹಳೆಯ ಹತ್ತಿಯ ದಿಂಬು ನಡುವೆ ಗುಳಿ ಬಿದ್ದಿದ್ದರೆ ಸ್ನಾನದ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕವರಿನೊಳಗೆ ಇಡಿ. ಹೊಸ ದಿಂಬಿಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ ಭುಜ ಒಳಕ್ಕಿಳಿಯುವುದರಿಂದ ದಿಂಬು ತೆಳ್ಳಗಿದ್ದರೆ ಸಾಕು, ಚಾಪೆಯ ಮೇಲಾದರೆ ದಪ್ಪ ಬೇಕು. ಇನ್ನೊಂದು ದಿಂಬನ್ನು ಎದೆಗೆ ತಬ್ಬಿಕೊಂಡು ಬಲಗೈಯನ್ನು ಅದರ ಮೇಲೆ ಇಡಿ, ಕೈ ಜೋತುಬಿದ್ದು ನರವನ್ನು ಎಳೆಯಬಾರದು. ಅಂಗಾತ ಮಲಗುವುದಾದರೆ ತಲೆಗೆ ತೆಳು ದಿಂಬು, ಮುಂಗೈ ಕೆಳಗೊಂದು ಮಡಿಸಿದ ದುಪ್ಪಟಿ ಸಾಕು.

ಹೊಲಿಗೆ ಮಿಶನ್ ಮುಂದೆ ಅರ್ಧ ಗಂಟೆಗೊಮ್ಮೆ ತಲೆಯೆತ್ತಿ, ಎದ್ದು ಓಡಾಡಿ. ಕತ್ತಿನ ಪಟ್ಟಿಯನ್ನು ವಾರಗಟ್ಟಲೆ ಕಟ್ಟಿಕೊಂಡರೆ ಸ್ನಾಯುಗಳು ಸೊರಗುತ್ತವೆ. ಅಂಗಡಿಯ ಮಾತ್ರೆ ನಿಲ್ಲಿಸಿ. ಹೊಟ್ಟೆಗೆ, ಕಿಡ್ನಿಗೆ ಅದು ಒಳ್ಳೆಯದಲ್ಲ. ನರದ ನೋವಿಗೆ ಬೇರೆಯೇ ಔಷಧಗಳಿವೆ, ಅವನ್ನು ವೈದ್ಯರೇ ಬರೆದುಕೊಡಬೇಕು. ಧೈರ್ಯವಾಗಿರಿ: ಹೆಚ್ಚಿನವರಿಗೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ, ಆಪರೇಷನ್ ಇಲ್ಲದೆಯೇ ನೋವು ಇಳಿಯುತ್ತದೆ. ಉಬ್ಬಿದ ಡಿಸ್ಕ್ ಎಷ್ಟೋ ಸಲ ತಾನೇ ಕುಗ್ಗುತ್ತದೆ.

ಪ್ರಶ್ನೆ: ರಾತ್ರಿ ಎರಡೂ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳಲ್ಲಿ ಜಾಸ್ತಿ. ಕೈ ಕೊಡವಿದರೆ ಸರಿಹೋಗುತ್ತದೆ. ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ಸವೆದಿದೆ ಎಂದರು. ವಯಸ್ಸು 41.
– ಓದುಗರು, ಪುತ್ತೂರು

ಉತ್ತರ: ನಲವತ್ತು ದಾಟಿದ ಎಷ್ಟೋ ಜನರ ಎಕ್ಸ್‌ರೇಯಲ್ಲಿ, ಯಾವ ನೋವೂ ಇಲ್ಲದವರಲ್ಲೂ, ಕತ್ತಿನ ಸವೆತ ಕಾಣುತ್ತದೆ. ಕೊಡವಿದರೆ ಹೋಗುವ ಜೋಮು ಸಾಮಾನ್ಯವಾಗಿ ಮಣಿಕಟ್ಟಿನಲ್ಲಿ ನರ ಒತ್ತುವುದರಿಂದ ಬರುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಿಸಿರುತ್ತದೆ. ಅದನ್ನು ನೇರವಾಗಿಡುವ ಪಟ್ಟಿಯನ್ನು ರಾತ್ರಿ ಕಟ್ಟಿ ನೋಡಿ. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಆಮೇಲೂ ಕಡಿಮೆಯಾಗದಿದ್ದರೆ ನರದ ವಿದ್ಯುತ್ ವೇಗ ಅಳೆಯುವ ಪರೀಕ್ಷೆಯಿದೆ.

ಪ್ರಶ್ನೆ: ಕ್ಷೌರದಂಗಡಿಯಲ್ಲಿ ಕತ್ತಿನ ಲಟಿಕೆ ತೆಗೆಸಿದರೆ ನರ ಬಿಡುತ್ತದಂತೆ, ನಿಜವೇ?
– ಓದುಗರು, ಕಡೂರು

ಉತ್ತರ: ಖಂಡಿತ ಬೇಡ. ಕತ್ತಿನ ಮೂಳೆಗಳೊಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಕತ್ತನ್ನು ಫಟ್ಟನೆ ತಿರುಚಿದಾಗ ನಾಳದ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆಗಳಿವೆ.

ಮೂವರಿಗೂ ಒಂದು ಮಾತು. ನೋವಿಗಿಂತ ನಿಶ್ಶಕ್ತಿಗೆ ಹೆಚ್ಚು ಹೆದರಿ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ಕೈಯಿಂದ ಲೋಟ ಜಾರಿದರೆ, ನಡೆಯುವಾಗ ಕಾಲು ತೊಡರಿದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೈನೋವಿನ ಜೊತೆ ಎದೆ ಬಿಗಿದು ಬೆವರು ಕಿತ್ತರೆ ದಿಂಬು, ಕತ್ತು ಎಲ್ಲವನ್ನೂ ಮರೆತು ತಕ್ಷಣ 108ಕ್ಕೆ ಕರೆ ಮಾಡಿ.